ಎಲೆಗೂ ಸುಣ್ಣ, ಎರೆಗೂ ಸುಣ್ಣ

ಸವಣೂರಿನ ಹೆಸರು ಹೇಳಿದೊಡನೆ ನನ್ನ ಪೇಟೆಯ ಗೆಳೆಯರಿಗೆ ಅಲ್ಲಿಯ ಖಾರ ನೆನಪಾಗುತ್ತದೆ. ಎಲೆ ಹಾಕುವ ಹಿರಿಯರಿಗೆ ಅಲ್ಲಿಯ ವೀಳ್ಯದೆಲೆ. ಒಮ್ಮೆ ನೋಡಿ ಬಂದವರಿಗೆ ಮಠದ ಬಳಿಯ ಮೂರು ದೊಡ್ಡಹುಣಸೆ ಮರಗಳು. ನನಗೆ ಮಾತ್ರ ಮೊದಲು ನೆನಪಾಗುವುದು ಕೆಸರು.

1964ರ ಶ್ರಾವಣ. ನನಗಾಗ ಎಂಟು ವರ್ಷ. ಸವಣೂರಿನ ಮೂಡಲಿಗಿರುವ ಹಳ್ಳಿಯೊಂದಕ್ಕೆ ಅಕ್ಕನನ್ನು ಕೊಟ್ಟಿದ್ದರು. ದಿನ ತುಂಬಿದ್ದ ಆಕೆಯನ್ನು ಕರೆತರಲೆಂದು ಅವ್ವನೊಡನೆ ನಾನೂ ಹೋಗಿದ್ದೆ. ಅದೇ ರಾತ್ರಿ ಬೇನೆ ಕಾಣಿಸಿಕೊಂಡಿತು. ಬಂಡಿ ಹೂಡಿದರು. ಅರ್ಧ ಹರದಾರಿ ನಡೆಯುವಷ್ಟರಲ್ಲಿ ಗಾಲಿಗಳು ಅಚ್ಚಿನವರೆಗೆ ಹೂತವು. “ಇಳೀರಿ ಅವ್ವಾರ, ಎತ್ತಿನ ಕಾಲು ಕಿತ್ತು ಬರೂದಿಲ್ಲ” ಎಂದ ಬಂಡಿಯವನು. ನಾಲ್ವರು ಗಂಡಸರು ಅಕ್ಕನನ್ನು ಕಂಬಳಿಯಲ್ಲಿ ಹೊತ್ತು ಸವಣೂರು ಸೇರುವಾಗ ಬೆಳಗಾಗಿತ್ತು. ಅಕ್ಕ ಉಳಿದಳು, ಕೂಸು ಉಳಿಯಲಿಲ್ಲ.

ಎರೆ ಕೆಟ್ಟ ಮಣ್ಣೆಂದು ಮಾತ್ರ ಯಾರೂ ತಿಳಿಯಬಾರದು. ಮಳೆಗಾಲದ ನೀರನ್ನು ಹೊಟ್ಟೆಯಲ್ಲಿಟ್ಟುಕೊಂಡು ಚಳಿಗಾಲದಲ್ಲಿ ಹಿಂಗಾರಿ ಜೋಳವನ್ನು ಸಾಕುವ ತಾಯಿ ಅದು. ಹೊಲಕ್ಕೆ ವರವಾದ ಆ ಗುಣವೇ ದಾರಿಗೆ ಶಾಪ. ಅದರ ಜೇಡಿಯ ಕಣಗಳು ಪುಸ್ತಕದ ಹಾಳೆಗಳಂತೆ ಒಂದರ ಮೇಲೊಂದು ಕುಳಿತಿರುತ್ತವೆ. ನೀರು ಹಾಳೆಗಳ ನಡುವೆ ನುಗ್ಗಿದರೆ ಮಣ್ಣು ಉಬ್ಬುತ್ತದೆ. ಒಣಗಿದರೆ ಕುಗ್ಗಿ, ಕೈ ತೂರುವಷ್ಟು ಬಿರುಕು ಬಿಡುತ್ತದೆ. ಹಾನಗಲ್ಲಿನ ಭತ್ತದ ಸೀಮೆಯತ್ತ ಸರಿದರೆ ಕೆಂಪು ಮಣ್ಣಿನ ಆಸರೆಯುಂಟು. ಶಿಗ್ಗಾಂವಿ, ಹಿರೇಕೆರೂರುಗಳ ಕಡೆ ಎರೆಯೂ ಮಸಾರಿಯೂ ನೆರೆಹೊರೆ. ಒಂದೇ ದಾರಿ ಒಂದು ಮೈಲಿ ಗಟ್ಟಿಯಾಗಿದ್ದು ಮುಂದಿನ ಮೈಲಿಯಲ್ಲಿ ಕೈಕೊಡುವುದುಂಟು.

ಮುಂದೆ ನಾನು ಓದಿ, ರಸ್ತೆ ಕಟ್ಟುವ ಕಿರಿಯ ಇಂಜಿನಿಯರನಾದೆ. ಮಣ್ಣಿನ ಬಲವನ್ನು ಅಳೆಯಲು ನಮ್ಮಲ್ಲೊಂದು ಪರೀಕ್ಷೆಯಿದೆ. ಕ್ಯಾಲಿಫೋರ್ನಿಯದ ಹೆದ್ದಾರಿಯವರು ಬಳಕೆಗೆ ತಂದದ್ದು. ಮಣ್ಣನ್ನು ಅಚ್ಚಿನಲ್ಲಿ ದಮ್ಮಸು ಮಾಡಿ, ನಾಲ್ಕು ದಿನ ನೀರಿನಲ್ಲಿ ನೆನೆಯಿಟ್ಟು, ಉಕ್ಕಿನ ಕೊರಡನ್ನು ಅದರೊಳಗೆ ಒತ್ತುತ್ತಾರೆ. ಒಡೆದ ಜಲ್ಲಿಕಲ್ಲಿಗೆ ನೂರು ಅಂಕವೆಂದರೆ ನೆಂದ ಎರೆಗೆ ಸಾಮಾನ್ಯವಾಗಿ ಎರಡೋ ಮೂರೋ. ನಪಾಸಾದ ಹುಡುಗನೂ ಇದಕ್ಕಿಂತ ಮೇಲು! ಅಂಥದರ ಮೇಲೆ ಎಷ್ಟು ಗರಸು ಹೇರಿದರೂ, ಜಲ್ಲಿ ಹಾಸಿದರೂ, ಮಳೆಗಾಲಕ್ಕಿಷ್ಟರಂತೆ ಮಣ್ಣು ಅದನ್ನು ನುಂಗುತ್ತದೆ.

ಇದಕ್ಕೆ ಮದ್ದು ಸುಣ್ಣ. ಒಣ ಮಣ್ಣಿನ ತೂಕಕ್ಕೆ ನೂರಕ್ಕೆ ಮೂರರಿಂದ ಆರರಷ್ಟು ಅರಳಿದ ಸುಣ್ಣ ಬೆರೆಸಿದರೆ, ಅದರ ಕ್ಯಾಲ್ಸಿಯಂ ಆ ಹಾಳೆಗಳನ್ನು ಬಿಗಿಹಿಡಿಯುತ್ತದೆ. ಕೆಲವೇ ಗಂಟೆಗಳಲ್ಲಿ ಜಿಗುಟು ಅಡಗಿ, ಮಣ್ಣು ಕೈಯಲ್ಲಿ ಪುಡಿಪುಡಿಯಾಗಿ ಉದುರುತ್ತದೆ. ಬಳಿಕ ನಿಧಾನವಾಗಿ, ವಾರಗಳು, ತಿಂಗಳುಗಳು ಕಳೆದಂತೆ, ಜೇಡಿಯ ಸಿಲಿಕಾ, ಅಲ್ಯೂಮಿನಾಗಳೊಡನೆ ಸುಣ್ಣ ಕೂಡಿ ಸಿಮೆಂಟಿನಂಥ ಅಂಟು ಹುಟ್ಟುತ್ತದೆ. ಎಲೆ ಹಾಕುವವರಿಗೆ ಈ ಪ್ರಮಾಣದ ಮಾತು ಬೇಗ ತಿಳಿದೀತು: ಕಡಿಮೆಯಾದರೆ ರಂಗೇರದು, ಹೆಚ್ಚಾದರೆ ಬಾಯಿ ಬೇಯುತ್ತದೆ. ಎರೆಯ ಬಾಯೇನೂ ಬೇಯದು; ಆದರೆ ಹೆಚ್ಚಿನ ಸುಣ್ಣ ವ್ಯರ್ಥವಾಗುತ್ತದೆ, ಬಲವೂ ಕುಗ್ಗಬಹುದು. ಎಷ್ಟು ಬೇಕೆಂಬುದನ್ನು ಆಯಾ ಮಣ್ಣನ್ನೇ ಪರೀಕ್ಷಿಸಿ ಕೇಳಬೇಕು.

ತೊಂಬತ್ತರ ದಶಕದ ಆರಂಭದಲ್ಲಿ ಅಕ್ಕನ ಊರಿನ ದಾರಿಯೇ ನನ್ನ ಪಾಲಿಗೆ ಬಂದಿತು. ಜಿಲ್ಲೆ ಆಗಿನ್ನೂ ಧಾರವಾಡ. ಹಾವೇರಿ ಬೇರೆ ಜಿಲ್ಲೆಯಾದುದು 1997ರಲ್ಲಿ. ನನ್ನ ಉತ್ಸಾಹವನ್ನು ಏನೆಂದು ಹೇಳಲಿ! ಹೆಂಟೆಗಳನ್ನು ಒಡೆಸಿದೆ, ಸುಣ್ಣ ಬೆರೆಸಿ ನೀರು ಚಿಮುಕಿಸಿ ಒಂದು ದಿನ ಹದಕ್ಕೆ ಬಿಟ್ಟೆ, ಮರುದಿನ ಮತ್ತೆ ಬೆರೆಸಿ ರೋಲರ್ ಹೊಡೆಸಿದೆ, ವಾರಗಟ್ಟಲೆ ಒಣಗಗೊಡದೆ ಕಾಯ್ದೆ. ಮೇ ತಿಂಗಳು ಮುಗಿಯುತ್ತ ಬಂದಾಗ ಊರ ಮುಂದಿನ ಎರಡು ಫರ್ಲಾಂಗು ಮಾತ್ರ ಉಳಿದಿತ್ತು. ಪಡುವಲಲ್ಲಿ ಮೋಡ ಕಟ್ಟಿತು. ಗುತ್ತಿಗೆದಾರ ಅವಸರಪಡಿಸಿದ, ನಾನು ಒಪ್ಪಿದೆ. ಮುಷ್ಟಿ ಗಾತ್ರದ ಹೆಂಟೆಗಳು ಇದ್ದಂತೆಯೇ ಅಂದೇ ಬೆರೆಸಿ, ಅಂದೇ ರೋಲರ್ ಹೊಡೆಸಿದೆವು. ಹೆಂಟೆಯ ಹೊರಮೈಗೆ ಸುಣ್ಣ; ಒಳಗೆಲ್ಲ ಹಳೆಯ ಎರೆಯೇ. ಅದು ನನಗೆ ಗೊತ್ತಿರಲಿಲ್ಲವೆಂದು ಹೇಳಲಾರೆ.

ಮಳೆಗಾಲ ಕಳೆದ ಮೇಲೆ ಹೋದೆ. ಹಿಂದಿನ ದಾರಿಯೆಲ್ಲ ನೆಟ್ಟಗಿತ್ತು. ಆ ಎರಡು ಫರ್ಲಾಂಗು ಅಲೆಯಲೆಯಾಗಿ ಕುಸಿದು, ಬಸ್ಸು ಅದರ ಆಚೆಯೇ ತಿರುಗಿಕೊಳ್ಳುತ್ತಿತ್ತು. ಅಕ್ಕ ಬಯ್ಯಲಿಲ್ಲ. ಉಣ್ಣಲಿಕ್ಕೆ ಬಡಿಸುತ್ತ, “ತಮ್ಮಾ, ನಮ್ಮೂರ ಮುಂದ ಬರೂದ್ರಾಗ ಸುಣ್ಣ ತೀರಿತ್ತೇನೋ?” ಎಂದಳು. ರೊಟ್ಟಿಯ ತುತ್ತು ಗಂಟಲಿನಲ್ಲೇ ನಿಂತಿತು.

ಮುಂದಿನ ಬೇಸಗೆಯಲ್ಲಿ ಆ ಭಾಗವನ್ನು ಕಿತ್ತು, ಹೆಂಟೆಗಳನ್ನು ಹುಡಿಮಾಡಿ, ಹೊಸದಾಗಿ ಕಟ್ಟಿಸಿದೆ. ಇಕ್ಕೆಲದ ಕಾಲುವೆಗಳನ್ನೂ ಆಳ ಮಾಡಿಸಿದೆ. ನೀರು ನಿಂತರೆ ಸುಣ್ಣವೊಂದೇ ಏನು ಮಾಡೀತು? ನಾನು ನಿವೃತ್ತನಾಗಿ ಹುಬ್ಬಳ್ಳಿ ಸೇರಿ ವರ್ಷಗಳಾದವು. ಅಕ್ಕನಿಗೆ ಎಂಬತ್ತು ದಾಟಿದೆ. ದೊಡ್ಡ ಮಳೆ ಬಿದ್ದ ಮರುದಿನ ಇಂದಿಗೂ ಆಕೆಯಿಂದ ಫೋನು ಬರುತ್ತದೆ. ಮುಂಜಾನೆಯ ಬಸ್ಸು ಎಷ್ಟು ಹೊತ್ತಿಗೆ ಬಂತೆಂಬುದನ್ನು ಮೊದಲು ಹೇಳುತ್ತಾಳೆ; ಆಮೇಲೆ ಮನೆಯವರ ಕ್ಷೇಮಸಮಾಚಾರ.