ಮಹಾಗಾಂವ ಕ್ರಾಸಿನಲ್ಲಿ ನಿಂತ ಗಾಡಿ

ನಮ್ಮ ಮನೆಯಲ್ಲಿ ಮೂರು ವಸ್ತುಗಳಿಗೆ ನಾನೇ ಯಜಮಾನಿ ಎಂದು ಹೇಳಿಕೊಳ್ಳಬಹುದಾಗಿತ್ತು. ಒಂದು ಹೊಲಿಗೆಯ ಮಷಿನ್ನು, ಇನ್ನೊಂದು ತವರಿನಿಂದ ತಂದ ಹಿತ್ತಾಳೆಯ ಕೊಡ, ಮೂರನೆಯದು ಬಿಳಿ ಬಣ್ಣದ ಪ್ರೀಮಿಯರ್ ಪದ್ಮಿನಿ ಕಾರು. ಮೊದಲಿನ ಎರಡರ ಬಗ್ಗೆ ಯಾರ ತಕರಾರೂ ಇರಲಿಲ್ಲ. ಮೂರನೆಯದರ ಬಗ್ಗೆ ಸ್ಟೇಶನ್ ಬಜಾರದ ನಮ್ಮ ಇಡೀ ಓಣಿಗೇ ತಕರಾರಿತ್ತು.

ಕಾರು ನಮ್ಮ ಮನೆಯವರದು. 1995ರಲ್ಲಿ ಅವರು ತೀರಿಕೊಂಡರು. ಅವರಿದ್ದಾಗಲೇ ಹಟ ಹಿಡಿದು ಗಾಡಿ ನಡೆಸುವುದನ್ನು ಕಲಿತಿದ್ದೆ. ಸ್ಟೇರಿಂಗಿನ ಪಕ್ಕದಲ್ಲೇ ಗೇರು ಇರುವ ಗಾಡಿ. ಸೀರೆಯ ನೆರಿಗೆಗೆ ಅಡ್ಡಿಯಾಗುವುದಿಲ್ಲ ಎಂದು ಅವರು ನಗುತ್ತಿದ್ದರು. ಅವರು ಹೋದ ಮೇಲೆ ಮೈದುನ ಒಂದು ದಿನ ಬಂದು ಕೂತ. "ವೈನೀ, ಗಾಡಿ ಮಾರಿಬಿಡೋಣು. ದಾರ್ಯಾಗ ನಿಂತ್ರ ನೀವೊಬ್ಬರೇ ಏನ್ ಮಾಡ್ತೀರಿ?" ಎಂದ. ಅವನ ಮಾತಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಕಾಳಜಿಯೇ ಇತ್ತು. ಆದರೆ ನನಗೆ ಆ ಗಾಡಿ ಬೇಕಾಗಿತ್ತು. ಕಮಲಾಪುರದಲ್ಲಿ ನಮ್ಮವ್ವ ಲಕ್ವಾ ಹೊಡೆದು ಮಲಗಿದ್ದಳು. ವಾರವಿಡೀ ಸಾಲಿಯಲ್ಲಿ ಮಕ್ಕಳಿಗೆ ಕಲಿಸಿ, ರವಿವಾರ ಬೆಳಿಗ್ಗೆ ಔಷಧಿ, ಒಗೆದ ಹಾಸಿಗೆ ಬಟ್ಟೆ ಹಾಕಿಕೊಂಡು ನಾನು ಹೊರಡುತ್ತಿದ್ದೆ. ದವಾಖಾನೆಗೆ ತೋರಿಸಬೇಕಾದರೆ ಅವಳನ್ನು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಗುಲಬರ್ಗಾಕ್ಕೆ (ಊರಿಗೆ ಕಲಬುರಗಿ ಎಂಬ ಹೆಸರು ಅಧಿಕೃತವಾದದ್ದು 2014ರಲ್ಲಿ) ತರಬಹುದಾಗಿತ್ತು. ಬಸ್ಸಿನಲ್ಲಿ ಇದು ಆಗುವ ಮಾತಲ್ಲ.

1996ರ ಬೇಸಿಗೆಯಲ್ಲಿ ಗಾಡಿ ನಿಲ್ಲಲು ಶುರುವಾಯಿತು. ಊರೊಳಗೆ ಎಲ್ಲಿಯೂ ನಿಲ್ಲುತ್ತಿರಲಿಲ್ಲ. ಹುಮನಾಬಾದ್ ರಸ್ತೆ ಹಿಡಿದು ಮಹಾಗಾಂವ ಕ್ರಾಸಿನ ಹತ್ತಿರ ಬಂದರೆ ಸಾಕು, ಎರಡು ಸಲ ಎಳೆದಾಡಿ, ಕೆಮ್ಮಿ, ಸುಮ್ಮನಾಗುತ್ತಿತ್ತು. ಚಹಾದಂಗಡಿಯ ಗಂಡಸರೆಲ್ಲ ಸುತ್ತ ಸೇರುತ್ತಿದ್ದರು. ಮೊದಲ ಪ್ರಶ್ನೆ, "ಪೆಟ್ರೋಲ್ ಅದನೋ ಇಲ್ಲೋ?" ನಾನು ಚಾವಿ ಕೊಡುತ್ತಿದ್ದೆ, ಅವರು ಟಾಕಿಯ ಮುಚ್ಚಳ ತೆಗೆದು ಬಗ್ಗಿ ನೋಡುತ್ತಿದ್ದರು. ಪೆಟ್ರೋಲು ಇದ್ದೇ ಇರುತ್ತಿತ್ತು. ಆಮೇಲೆ ಯಾರೋ ಬಾನೆಟ್ ಎತ್ತಿ ಪೆಟ್ರೋಲ್ ಪಂಪಿನ ಮೇಲೆ ಹಸಿ ಬಟ್ಟೆ ಹಾಕುತ್ತಿದ್ದರು. ಸ್ವಲ್ಪ ಹೊತ್ತಿಗೆ ಗಾಡಿ ಶುರುವಾಗುತ್ತಿತ್ತು.

ನಮ್ಮ ಮಿಸ್ತ್ರಿ ಚಾಚಾ ಹಸಿ ಬಟ್ಟೆಯ ಮರ್ಮವನ್ನು ಬಿಡಿಸಿ ಹೇಳಿದರು. "ಅಕ್ಕೋರ, ಪೆಟ್ರೋಲ್ ಕಾಯ್ದ್ರ ನಳಿಯೊಳಗೇ ಕುದಿದು ಆವಿ ಆಗ್ತದ. ಪಂಪಿಗೆ ಪೆಟ್ರೋಲ್ ಎಳೀಲಿಕ್ಕೆ ಬರ್ತದ, ಆವಿ ಎಳೀಲಿಕ್ಕೆ ಬರಂಗಿಲ್ಲ." ನಮ್ಮ ಕಡೆಯ ಮೇ ತಿಂಗಳೆಂದರೆ 40 ಡಿಗ್ರಿ ದಾಟುವ ಬಿಸಿಲು. ಬೇಸಿಗೆಯಲ್ಲಿ ಎಷ್ಟೋ ಗಾಡಿಗಳ ಪಂಪಿನ ಮೇಲೆ ಒದ್ದೆ ಗೋಣಿಪಟ್ಟಿ ಇರುತ್ತಿದ್ದ ಕಾಲ ಅದು. ನಾನೂ ನಂಬಿದೆ. ಚಾಚಾ ಕಾರ್ಬುರೇಟರ್ ಬಿಚ್ಚಿ ಜೆಟ್ಟುಗಳನ್ನು ಊದಿದರು. ಪಂಪಿನೊಳಗಿನ ರಬ್ಬರಿನ ಪರದೆ ಬದಲಿಸಿದರು. ಟಾಕಿ ಇಳಿಸಿ ತುಕ್ಕು ತೊಳೆದರು, ಹೊಸ ಫಿಲ್ಟರ್ ಹಾಕಿದರು. ಎರಡು ತಿಂಗಳಲ್ಲಿ 1200 ರೂಪಾಯಿ ಖರ್ಚಾಯಿತು. ಮುಂದಿನ ರವಿವಾರ ನಸುಕಿನ ತಂಪಿನಲ್ಲಿ ಹೊರಟೆ. ಗಾಡಿ ಮತ್ತೆ ಕ್ರಾಸಿನ ಹತ್ತಿರವೇ ನಿಂತಿತು.

ಸುದ್ದಿ ಮೈದುನನಿಗೆ ಮುಟ್ಟಿತು. "ಇನ್ನೊಂದ ಸಲ ನಿಂತ್ರ ಮುಗೀತು ವೈನೀ, ಗಿರಾಕಿ ನಾ ನೋಡ್ತೀನಿ" ಎಂದ. ನಾನು ತಲೆ ಅಲ್ಲಾಡಿಸಿದೆ. ಅಂದು ರಾತ್ರಿ ನಿದ್ದೆ ಬರಲಿಲ್ಲ.

ಅದರ ಮುಂದಿನ ರವಿವಾರವೂ ಕ್ರಾಸಿನಲ್ಲಿ ನಿಂತೇ ಕಮಲಾಪುರ ಸೇರಿದೆ. ಅಣ್ಣನ ಹೆಂಡತಿ ಹೊಸ ಶೇಂಗಾ ಎಣ್ಣೆಯ ಡಬ್ಬಿ ಒಡೆಯಲು ನನ್ನ ಕೈಗೆ ಕೊಟ್ಟಳು. ತಲೆಯಲ್ಲಿ ಗಾಡಿಯದೇ ಚಿಂತೆ. ಮೊಳೆಯಿಂದ ಒಂದು ತೂತು ಹೊಡೆದು ಡಬ್ಬಿ ಬಗ್ಗಿಸಿದೆ. ಎಣ್ಣೆ ಗಳಗಳ ಸದ್ದು ಮಾಡಿ ಒಂದಿಷ್ಟು ಬಂತು, ಆಮೇಲೆ ಎಳೆ ಸಣ್ಣದಾಗಿ ನಿಂತೇಹೋಯಿತು. ಮಂಚದ ಮೇಲಿಂದ ಅವ್ವ ತೊದಲು ಮಾತಿನಲ್ಲಿ ಹೇಳಿದಳು. "ಇನ್ನೊಂದ ತೂತ ಹೊಡಿಯವ್ವಾ. ಒಳಗ ಗಾಳಿ ಹೋಗದಿದ್ರ ಎಣ್ಣಿ ಹ್ಯಾಂಗ ಬರ್ತದ?"

ನಾನು ಮೊಳೆ ಹಿಡಿದುಕೊಂಡು ಹಾಗೇ ನಿಂತೆ.

ಮಾರ್ಚ್ ತಿಂಗಳಲ್ಲಿ ನಮ್ಮ ಓಣಿಯಲ್ಲಿ ರಾತ್ರಿ ಹೊತ್ತು ಗಾಡಿಗಳಿಂದ ಪೆಟ್ರೋಲು ಕದಿಯುತ್ತಿದ್ದರು. ನಾನೇ ಒಂದು ಅಂಗಡಿಯಿಂದ ಚಾವಿ ಹಾಕುವ ಮುಚ್ಚಳ ತಂದು ಕೂಡಿಸಿದ್ದೆ. ಗಾಡಿ ನಿಲ್ಲತೊಡಗಿದ್ದು ಅದರ ನಂತರ! ಪಂಪು ಟಾಕಿಯಿಂದ ಪೆಟ್ರೋಲು ಎಳೆದಷ್ಟೂ ಅದರ ಜಾಗಕ್ಕೆ ಗಾಳಿ ಬರಬೇಕು. ಬರದಿದ್ದರೆ ಒಳಗಿನ ಗಾಳಿ ತೆಳುವಾಗುತ್ತ ಹೋಗಿ, ಟಾಕಿಯೇ ಪೆಟ್ರೋಲನ್ನು ಹಿಂದಕ್ಕೆ ಹಿಡಿದುಕೊಳ್ಳುತ್ತದೆ. ರವಿವಾರದ ದಾರಿಗೆಂದು ನಾನು ಟಾಕಿ ತುಂಬಿಸುತ್ತಿದ್ದೆ. ತುಂಬಿದ ಟಾಕಿಯಲ್ಲಿ ಗಾಳಿ ಇರುವುದೇ ಒಂದಿಷ್ಟು, ಅದು ಬೇಗ ತೆಳುವಾಗುತ್ತದೆ. ಊರೊಳಗಿನ ಸಣ್ಣ ಓಡಾಟಕ್ಕೆ ಅಷ್ಟು ಪೆಟ್ರೋಲು ಖರ್ಚಾಗುವ ಮೊದಲೇ ಮನೆ ಬರುತ್ತಿತ್ತು. ಕ್ರಾಸಿನಲ್ಲಿ ಗಾಡಿಯನ್ನು ಶುರು ಮಾಡಿದ್ದು ಹಸಿ ಬಟ್ಟೆಯಲ್ಲ. ಪೆಟ್ರೋಲ್ ನೋಡಲು ಮುಚ್ಚಳ ತೆಗೆದದ್ದು. ಆದರೆ ಹೆಸರು ಬಂದದ್ದು ಬಟ್ಟೆಗೆ.

ಊಹೆ ಸರಿಯೋ ತಪ್ಪೋ ನೋಡಬೇಕಲ್ಲ? ಹೊರಡುವ ಮುಂಚೆ ಕಮಲಾಪುರದಲ್ಲಿ ಮತ್ತೆ ಟಾಕಿ ತುಂಬಿಸಿ ಮುಚ್ಚಳಕ್ಕೆ ಚಾವಿ ಹಾಕಿದೆ. ಅಣ್ಣನ ಮಗನನ್ನು ಕೂಡಿಸಿಕೊಂಡು ಹೊರಟೆ. ಕ್ರಾಸು ದಾಟಿ ಸ್ವಲ್ಪ ದೂರಕ್ಕೆ ಗಾಡಿ ಎಳೆದಾಡಿ ನಿಂತಿತು. ಬಾನೆಟ್ಟಿಗೆ ಕೈ ಹಚ್ಚಲಿಲ್ಲ. ಮುಚ್ಚಳ ತಿರುಗಿಸಿದೆ. "ಸುಸ್ಸ್" ಎಂದು ಗಾಳಿ ಒಳಗೆ ನುಗ್ಗಿತು, ಹುಡುಗ ಹೆದರಿ ಹಿಂದೆ ಸರಿದ. ಮುಚ್ಚಳ ಹಾಕಿ ಚಾವಿ ತಿರುವಿದೆ. ನಾಲ್ಕಾರು ಸಲ ಕೆರೆದು ಗಾಡಿ ಶುರುವಾಯಿತು. ಬಟ್ಟೆ, ನೀರು ಏನೂ ಬೇಕಾಗಲಿಲ್ಲ. ಆಮೇಲೆ ದಾರಿಯಲ್ಲಿ ಎರಡು ಕಡೆ ನಾನೇ ನಿಲ್ಲಿಸಿ ಮುಚ್ಚಳ ತೆಗೆದು ಹಾಕಿದೆ. ಮನೆಯ ತನಕ ಅದು ಒಮ್ಮೆಯೂ ಕೆಮ್ಮಲಿಲ್ಲ.

ಮರುದಿನ ಹಳೆಯ ಮುಚ್ಚಳ, ಹೊಸ ಮುಚ್ಚಳ ಎರಡನ್ನೂ ಚಾಚಾನ ಮುಂದಿಟ್ಟೆ. ಹಳೆಯದರಲ್ಲಿ ಸೂಜಿ ಹೋಗುವಷ್ಟು ತೂತಿತ್ತು. ಹೊಸದಕ್ಕೆ ಚಾಚಾ ಬಾಯಿ ಹಚ್ಚಿ ಊದಿದರು, ಗಾಳಿ ಹಾಯಲಿಲ್ಲ. ಅವರು ಹಣೆ ಬಡಿದುಕೊಂಡು, "ತೌಬಾ! ಎರಡ ತಿಂಗಳು ರೋಗಿ ಎದಿ ನೋಡಿದೆ ಅಕ್ಕೋರ, ಮೂಗ ಮುಚ್ಚಿದ್ದು ನೋಡಲಿಲ್ಲ" ಎಂದರು. ಚಾವಿಯೂ ಇರುವ, ತೂತೂ ಇರುವ ಮುಚ್ಚಳ ಹುಡುಕಿ ಹಾಕಿಕೊಟ್ಟರು. ಕೂಲಿ ತೆಗೆದುಕೊಳ್ಳಲಿಲ್ಲ. ಮೈದುನ ಗಿರಾಕಿಯ ಮಾತೆತ್ತಲಿಲ್ಲ.

ಇದೆಲ್ಲ ಈಗ ನೆನಪಾಗಲು ಕಾರಣ ಮೈದುನನ ಮೊಮ್ಮಗ. ಇಂಜಿನಿಯರಿಂಗ್ ಓದುವ ಹುಡುಗ. ಗೆಳೆಯರೊಂದಿಗೆ ತಾವೇ ಪುಟ್ಟ ರೇಸ್ ಕಾರು ಕಟ್ಟಿದ್ದಾನೆ. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೆ ಒಯ್ಯಬೇಕಂತೆ. ಜೋರಾಗಿ ತಿರುಗಿಸಿದಾಗ ಇಂಜಿನ್ ಬಿಕ್ಕುತ್ತದೆ ಎಂದ. ನಾನು ಮೊದಲು ಕೇಳಿದ್ದು, "ಗಾಳಿಗೆ ದಾರಿ ಅದನೋ ಇಲ್ಲೋ?" ಇತ್ತು. ಅವನ ತೊಂದರೆ ಬೇರೆ: ತಿರುವಿನಲ್ಲಿ ಪೆಟ್ರೋಲು ಟಾಕಿಯ ಒಂದು ಬದಿಗೆ ಸರಿದು, ಪಂಪಿನ ಬಾಯಿಗೆ ಗಾಳಿ ಸಿಗುತ್ತಿತ್ತು. ಬಸ್ಸು ತಿರುಗಿದಾಗ ಕೊಡದ ಮಜ್ಜಿಗೆ ಒಂದು ಕಡೆ ಏರಿದ ಹಾಗೆ. ಅದಕ್ಕೆ ನಡುವೆ ಒಂದು ಸಣ್ಣ ಗಡಿಗೆಯಂಥದನ್ನು ಕೂಡಿಸುತ್ತಾರಂತೆ. ಒಂದು ಪಂಪು ಅದನ್ನು ಸದಾ ತುಂಬಿಟ್ಟಿರುತ್ತದೆ, ಇನ್ನೊಂದು ಪಂಪು ಅದರಿಂದ ಇಂಜಿನ್ನಿಗೆ ಕಳಿಸುತ್ತದೆ. "ಅಜ್ಜೀ, ನಿಂಗ್ ಇದೆಲ್ಲಾ ಹ್ಯಾಂಗ ಗೊತ್ತು?" ಎಂದು ಹುಡುಗ ಬೆರಗಾದ. ಎಣ್ಣೆ ಡಬ್ಬಿಯ ಕಥೆ ಹೇಳಿದೆ.

ಅವ್ವ 1999ರ ತನಕ ಇದ್ದಳು. ಮೂರು ವರ್ಷದ ರವಿವಾರಗಳು ನನಗೆ ದಕ್ಕಿದವು. ಮುಚ್ಚಳದ ಸಂಗತಿ ಹೇಳಿದಾಗ ಅವಳಿಗೆ ಆಶ್ಚರ್ಯವೇನೂ ಆಗಲಿಲ್ಲ. "ನಿಮ್ಮ ಮಿಸ್ತ್ರಿ ಎಂದೂ ಎಣ್ಣಿ ಡಬ್ಬಿ ಒಡದಿಲ್ಲೇನು?" ಎಂದಳು. ಆ ಮಳೆಗಾಲದಲ್ಲಿ ಶರಣಬಸವೇಶ್ವರರ ಗುಡಿಗೆ ಹೋಗಬೇಕೆಂದು ಆಸೆಪಟ್ಟಳು. ಹಿಂದಿನ ಸೀಟಿನಲ್ಲಿ ದಿಂಬು ಒತ್ತಿ ಕೂಡಿಸಿದೆ, ಪಕ್ಕದಲ್ಲಿ ಒಂದು ಗೊನೆ ಕಮಲಾಪುರದ ಕೆಂಪು ಬಾಳೆಹಣ್ಣು. ಚಹಾದಂಗಡಿ ಕಾಣುತ್ತಲೇ ಅವ್ವ ಕೇಳಿದಳು.

"ಇದೇ ಏನವ್ವಾ ನಿನ್ನ ಗಾಡಿ ನಿಂದ್ರೋ ಜಾಗ?"

"ಹೌದವ್ವಾ."

"ಹಂಗಾದ್ರ ನಿಂದ್ರಬ್ಯಾಡ, ನಡಿ."