ಅರಿವಿನ ಕೊರತೆ

ಜುಲೈ 8, 2024, ಸೋಮವಾರ

ಮೂರನೇ ವರ್ಷದ ಬಿ.ಎಸ್ಸಿ. ನರ್ಸಿಂಗ್ ಮಕ್ಕಳಿಗೆ ಇವತ್ತಿನಿಂದ ಬರವಣಿಗೆ ಕ್ಲಾಸು. ಸಿಲಬಸ್ಸಿನಲ್ಲಿ ಇದಕ್ಕೆ ಜಾಗವಿಲ್ಲ. ಮೊದಲ ಸೆಮಿಸ್ಟರಿನಲ್ಲಿ ಕಮ್ಯುನಿಕೇಟಿವ್ ಇಂಗ್ಲಿಷ್ ಪಾಸಾದರೆ ಇಂಗ್ಲಿಷಿನ ಋಣ ತೀರಿತು ಅಂದುಕೊಳ್ಳುತ್ತಾರೆ. ಕೊನೆಯ ವರ್ಷ ರಿಸರ್ಚ್ ಪ್ರಾಜೆಕ್ಟ್ ಬರೆಯಲು ಕೂತಾಗ ಅದೇ ಸಾಲ ಬಡ್ಡಿ ಸಮೇತ ಬಂದು ಬಾಗಿಲು ಬಡಿಯುತ್ತದೆ. “ವಾರಕ್ಕೆ ಎರಡು ಪೀರಿಯಡ್ ಕೊಡ್ತೀನಿ, ಗ್ರಾಮರ್ ಒಂದು ಸರಿ ಮಾಡಿಬಿಡಿ ಮೇಡಂ” ಎಂದಿದ್ದರು ಪ್ರಿನ್ಸಿಪಾಲರು.

ಗ್ರಾಮರ್ ಅಷ್ಟೇನೂ ಕೆಟ್ಟಿಲ್ಲ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಕೆಜಿಎಫ್‌ನವರಿಗೆ ತಮಿಳು, ಕೋಲಾರ ಪೇಟೆಯ ಕೆಲವರಿಗೆ ಉರ್ದು, ಹಾಸ್ಟೆಲ್ ತುಂಬ ಮಲಯಾಳಂ. ವಾರ್ಡಿನಲ್ಲಿ ರೋಗಿ ಯಾವ ಭಾಷೆಯಲ್ಲಿ ನರಳಿದರೂ ಇವರಲ್ಲಿ ಒಬ್ಬರಾದರೂ ಓಡಿಹೋಗಿ ಮಾತಾಡಿಸಬಲ್ಲರು. ಪೇಪರ್ ಮುಂದಿಟ್ಟರೆ ಮಾತ್ರ ಅದೇ ಮಕ್ಕಳು ಬೇರೆ ಯಾರೋ ಆಗಿಬಿಡುತ್ತಾರೆ.

ಕಳೆದ ವಾರ ಕಮ್ಯೂನಿಟಿ ಪೋಸ್ಟಿಂಗಿನಲ್ಲಿ ಆಶಾ ಕಾರ್ಯಕರ್ತೆಯರ ಜೊತೆ ಡೆಂಗಿ ಲಾರ್ವಾ ಸಮೀಕ್ಷೆಗೆ ಹೋಗಿದ್ದರು. ಅದನ್ನೇ ಒಂದು ಪ್ಯಾರಾ ಬರೆಯಿರಿ ಎಂದೆ. ಇಪ್ಪತ್ತು ನಿಮಿಷ. ಬಸ್ಸಿನಲ್ಲಿ ಓದುತ್ತಾ ಬಂದೆ. ಅರ್ಧಕ್ಕರ್ಧ ಪ್ಯಾರಾಗಳು ‘ಪ್ರಾಚೀನ ಕಾಲದಿಂದಲೂ’ ಎಂದು ಶುರುವಾಗುತ್ತವೆ. ಉಳಿದವು ‘ಇಂದಿನ ಆಧುನಿಕ ಜಗತ್ತಿನಲ್ಲಿ’. ಮುಗಿಯುವುದು ಮಾತ್ರ ಎಲ್ಲವೂ ಒಂದೇ ಕಡೆ: ‘ಡ್ಯೂ ಟು ಲ್ಯಾಕ್ ಆಫ್ ಅವೇರ್‌ನೆಸ್ ಅಮಾಂಗ್ ದಿ ಪೀಪಲ್’. ಯಾವ ಊರು, ಎಷ್ಟು ಮನೆ, ಹುಳ ಎಲ್ಲಿ ಸಿಕ್ಕಿತು, ಒಬ್ಬರೂ ಬರೆದಿಲ್ಲ. ಹೋಗದೆಯೂ ಬರೆಯಬಹುದಾಗಿದ್ದ ಪ್ಯಾರಾಗಳು.

ಜುಲೈ 11, ಗುರುವಾರ

ಆ ಕೊನೆಯ ವಾಕ್ಯವನ್ನು ಬೋರ್ಡಿನ ಮೇಲೆ ಬರೆದೆ. ಜನರಿಗೆ ಗೊತ್ತಿಲ್ಲ ಅಂತ ನಿಮಗೆ ಹೇಗೆ ಗೊತ್ತಾಯಿತು, ಅವರನ್ನು ಕೇಳಿದಿರಾ ಎಂದೆ. ಮೌನ. ಮುಳಬಾಗಿಲು ಕಡೆಯ ಹುಡುಗಿ ಎದ್ದು, “ಮ್ಯಾಮ್, ಕಾಸ್ ಬರೀಲೇಬೇಕಲ್ಲ. ಎಲ್ಲಾ ಬುಕ್‌ನಲ್ಲೂ ಹಂಗೇ ಇರ್ತದೆ” ಎಂದಳು. ಪ್ರಾಮಾಣಿಕ ಉತ್ತರ. ರಕ್ತಹೀನತೆ, ಬಾಲ್ಯವಿವಾಹ, ಸಕ್ಕರೆ ಕಾಯಿಲೆ, ಯಾವುದೇ ಇರಲಿ, ಕಾರಣದ ಖಾನೆಯಲ್ಲಿ ತುಂಬುವುದು ಇದೊಂದೇ.

“ನಿಮ್ಮನೇಲಿ ನೀರು ಹೆಂಗೆ ಇಟ್ಕೋತೀರಮ್ಮ?”

“ಡ್ರಮ್ಮು, ಮ್ಯಾಮ್. ಎರಡಿದಾವೆ. ಒಂದು ಸಿಮೆಂಟ್ ತೊಟ್ಟಿ.”

“ನಿಮ್ಮಮ್ಮಂಗೆ ಡೆಂಗಿ ಸೊಳ್ಳೆ ವಿಷಯ ಗೊತ್ತಿಲ್ವಾ?”

“ಅಯ್ಯೋ, ಗೊತ್ತು ಮ್ಯಾಮ್. ನಾನೇ ಹೇಳಿದೀನಿ. ಆಶಾ ಅಕ್ಕನೂ ಬಂದು ಹೇಳ್ತಾರೆ.”

ಹಾಗಾದರೆ ಈ ವಾಕ್ಯ ಯಾರ ಬಗ್ಗೆ ಎಂದೆ. ಕ್ಲಾಸು ನಕ್ಕಿತು, ಅವಳು ನಗಲಿಲ್ಲ. ಬರಹದಲ್ಲಿ ತನ್ನ ತಾಯಿಯನ್ನೇ ಅರಿವಿಲ್ಲದವಳು ಎಂದು ಬರೆದು ಕೊಟ್ಟಿದ್ದಾಳೆ, ಕೈಬರಹ ಮುತ್ತಿನಂತಿದೆ, ವ್ಯಾಕರಣ ತಪ್ಪಿಲ್ಲ. ಇದಕ್ಕೆ ಹತ್ತಕ್ಕೆ ಎಂಟು ಕೊಡುವ ಮೇಷ್ಟ್ರುಗಳೂ ಇದ್ದಾರೆ.

ಜುಲೈ 14, ಭಾನುವಾರ

ನಮ್ಮೂರು ವಕ್ಕಲೇರಿ. ಬೆಳಿಗ್ಗೆ ನಮ್ಮ ಬೀದಿಗೂ ಸಮೀಕ್ಷೆ ಬಂತು. ಆಶಾ ಅಕ್ಕ ಡ್ರಮ್ಮಿನೊಳಗೆ ಟಾರ್ಚ್ ಬಿಟ್ಟು ನೋಡಿದರು. ನಮ್ಮನೆಯದರಲ್ಲಿ ಏನೂ ಇಲ್ಲ. ಎದುರು ಮನೆ ಅಜ್ಜಿಯ ತೊಟ್ಟಿಯಲ್ಲಿ ಹುಳಗಳು ಕುಣಿಯುತ್ತಿದ್ದವು.

“ಚೆಲ್ಲಿ ತೊಳೀರಜ್ಜಿ. ಬ್ರಷ್ ಹಾಕಿ ಉಜ್ಜಬೇಕು, ಮೊಟ್ಟೆ ಗೋಡೆಗೆ ಅಂಟ್ಕೊಂಡಿರ್ತವೆ.”

“ಚೆಲ್ತೀನಮ್ಮ. ಚೆಲ್ಲಿ ಆಮೇಲೆ ಕುಡಿಯೋದೇನು? ಉಜ್ಜಿದ್ಮೇಲೆ ತೊಳಿಯೋಕೆ ನೀರ್ಯಾರು ತಂದುಕೊಡ್ತಾರೆ?”

ಆಶಾ ಅಕ್ಕನ ಬಳಿ ಉತ್ತರವಿರಲಿಲ್ಲ. ಅವರ ಮನೆಯಲ್ಲೂ ಅದೇ ತೊಟ್ಟಿ. ಈಡಿಸ್ ಸೊಳ್ಳೆಗೆ ಕೊಚ್ಚೆ ಬೇಡ, ಕೂಡಿಟ್ಟ ತಿಳಿನೀರೇ ಬೇಕು. ಮೊಟ್ಟೆ ಒಣಗಿದರೂ ತಿಂಗಳುಗಟ್ಟಲೆ ಬದುಕಿದ್ದು, ನೀರು ಬಿದ್ದಾಗ ಒಡೆದು, ವಾರ ಹತ್ತು ದಿನದಲ್ಲಿ ಸೊಳ್ಳೆಯಾಗಿ ಏಳುತ್ತದೆ. ಅದಕ್ಕೇ ವಾರಕ್ಕೊಮ್ಮೆ ಪಾತ್ರೆ ಬರಿದು ಮಾಡಿ ಒಣಗಿಸಿ ಎನ್ನುವುದು. ಲೆಕ್ಕ ಸರಿಯೇ. ಆದರೆ ನಲ್ಲಿಯಲ್ಲಿ ನೀರು ಯಾವಾಗ ಬರುತ್ತದೋ ಎಂದು ಕಾಯುವ ಮನೆಗೆ ಆ ಲೆಕ್ಕ ಕೂಡುವುದಿಲ್ಲ. ಕೋಲಾರ ವರ್ಷವಿಡೀ ಹರಿಯುವ ನದಿ ಇಲ್ಲದ ಜಿಲ್ಲೆ. ಬೋರ್‌ವೆಲ್‌ಗಳು ಸಾವಿರ ಅಡಿ ದಾಟಿದ್ದಾವೆ, ಆ ಆಳದ ನೀರಿಗೆ ಫ್ಲೋರೈಡ್ ಕಾಟ ಬೇರೆ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಬಂದು ಕೆರೆಗಳು ತುಂಬಿವೆ ನಿಜ. ಅದು ಅಂತರ್ಜಲಕ್ಕೆಂದು ಬಿಟ್ಟ ನೀರು, ಅಜ್ಜಿಯ ಬಿಂದಿಗೆಗೆ ಬರುವಂಥದ್ದಲ್ಲ.

ಇದರಲ್ಲಿ ಒಂದು ಸಾಲಾದರೂ ಮಕ್ಕಳ ಪ್ಯಾರಾದಲ್ಲಿ ಯಾಕೆ ಬರಲಿಲ್ಲ? ಅವರೂ ಇಂಥವೇ ಮಾತು ಕೇಳಿಸಿಕೊಂಡು ಬಂದವರು. ‘ಅಕಾಡೆಮಿಕ್’ ಎಂದ ಕೂಡಲೇ ಕೇಳಿಸಿಕೊಂಡದ್ದನ್ನೆಲ್ಲ ಗೇಟಿನ ಹೊರಗೆ ಬಿಟ್ಟು ಬರಬೇಕು ಎಂದು ಯಾರು ಹೇಳಿಕೊಟ್ಟರೋ.

ಜುಲೈ 23, ಮಂಗಳವಾರ

ಆ ಸಮೀಕ್ಷೆಯನ್ನೇ ಈಗ ವರದಿಯಾಗಿ ಬರೆಯುತ್ತಿದ್ದಾರೆ. ಇವತ್ತು ಮೆಥಡ್ಸ್. ನನಗೆ ಇಷ್ಟವಾದ ಭಾಗ, ಯಾಕೆಂದರೆ ಇಲ್ಲಿ ಅಲಂಕಾರಕ್ಕೆ ಅವಕಾಶವಿಲ್ಲ. ಹೋದದ್ದು ಯಾವ ಹೊತ್ತು, ಮನೆ ಆರಿಸಿದ್ದು ಹೇಗೆ, ಬೀಗ ಹಾಕಿದ ಮನೆಗಳನ್ನು ಏನು ಮಾಡಿದಿರಿ, ಟಾರ್ಚ್ ಇತ್ತೋ ಇಲ್ಲವೋ. ಟಾರ್ಚ್ ವಿಷಯ ಯಾರೂ ಬರೆದಿರಲಿಲ್ಲ. “ಅದೂ ಬರೀಬೇಕಾ ಮ್ಯಾಮ್?” ಟಾರ್ಚ್ ಇಲ್ಲದೆ ನೋಡಿದ ತೊಟ್ಟಿಯಲ್ಲಿ ಹುಳ ಇಲ್ಲ ಎಂದರೆ ನಾನು ನಂಬಬೇಕಾ ಎಂದೆ.

ಹೌಸ್ ಇಂಡೆಕ್ಸ್ ಎಂದರೆ ನೋಡಿದ ನೂರು ಮನೆಗೆ ಲಾರ್ವಾ ಸಿಕ್ಕ ಮನೆಗಳೆಷ್ಟು. ಕಂಟೇನರ್ ಇಂಡೆಕ್ಸ್, ನೂರು ಪಾತ್ರೆಗೆ ಹುಳ ಇದ್ದ ಪಾತ್ರೆಗಳೆಷ್ಟು. ಬ್ರೆಟೋ ಇಂಡೆಕ್ಸ್, ನೂರು ಮನೆಗೆ ಹುಳ ಇದ್ದ ಪಾತ್ರೆಗಳೆಷ್ಟು. ಬಾಯಿಪಾಠ ಚೆನ್ನಾಗಿದೆ, ಬರೆಯುವಾಗ ಮೂರೂ ಕಲಸಿಹೋಗುತ್ತವೆ. ಒಬ್ಬ ಮೂರು ಟೈರ್ ನೋಡಿ ಒಂದರಲ್ಲಿ ಹುಳ ಕಂಡು ‘33.33 ಪರ್ಸೆಂಟ್’ ಎಂದು ಬರೆದಿದ್ದಾನೆ. ದಶಮಾಂಶದ ಆಚೆಯ ಆ ಎರಡು ಮೂರುಗಳ ಗಾಂಭೀರ್ಯ ನೋಡಬೇಕು!

ಕರ್ಮಣಿ ಪ್ರಯೋಗ ಕೇಳಿದರು, ಕೇಳೇ ಕೇಳುತ್ತಾರೆ. ‘ಮನೆಗಳನ್ನು ಪರಿಶೀಲಿಸಲಾಯಿತು’ ಎಂಬ ಧಾಟಿ ಮೆಥಡ್ಸ್‌ನಲ್ಲಿ ಪರವಾಗಿಲ್ಲ. ನೋಡಿದವರು ನೀವೇ ಎಂದು ಮೊದಲ ಪುಟದಲ್ಲೇ ಗೊತ್ತಿದೆ. ಅದೇ ಧಾಟಿ ವಾರ್ಡಿನ ನರ್ಸಸ್ ನೋಟ್ಸ್‌ಗೆ ಬಂದರೆ ಕಷ್ಟ. ಇಂಜೆಕ್ಷನ್ ಕೊಡಲಾಯಿತು ಸರಿ, ಕೊಟ್ಟವರು ಯಾರು, ಎಷ್ಟು ಗಂಟೆಗೆ? ರಾತ್ರಿ ಪಾಳಿಯವಳು ಅದನ್ನು ಓದಿ ಇನ್ನೊಂದು ಡೋಸ್ ಕೊಡಬೇಕೋ ಬೇಡವೋ? ಇದು ಮಾತ್ರ ತಕ್ಷಣ ತಲೆಗೆ ಹೋಯಿತು. ಎಲ್ಲರ ಬಳಿಯೂ ಒಂದೊಂದು ಕಥೆ ಇತ್ತು. ಬೆಲ್ ಹೊಡೆದರೂ ನಿಲ್ಲಿಸಲಿಲ್ಲ.

ಆಗಸ್ಟ್ 6, ಮಂಗಳವಾರ

ಪ್ಲೇಜರಿಸಂ. ಯುಜಿಸಿಯ 2018ರ ನಿಯಮ ಹೇಳಿದೆ: ಹೋಲಿಕೆ ಶೇ 10ರವರೆಗೆ ದಂಡವಿಲ್ಲ, 40ರವರೆಗೆ ಒಂದು ಹಂತ, 60ರವರೆಗೆ ಇನ್ನೊಂದು, ಅದಕ್ಕೂ ಮೇಲೆ ಮೂರನೆಯದು. ಕೂಡಲೇ ಬಂದ ಪ್ರಶ್ನೆ: “ಹಂಗಾದ್ರೆ 10 ಪರ್ಸೆಂಟ್ ಕಾಪಿ ಮಾಡಬಹುದಾ ಮ್ಯಾಮ್?” ಪ್ರತಿ ವರ್ಷ ಬರುವ ಪ್ರಶ್ನೆ. ನಿಯಮ ಬರೆದವರಿಗೆ ಇದು ಹೊಳೆಯದೇ ಇರಲಿಕ್ಕಿಲ್ಲ.

ನಾನು ನಮ್ಮೂರಿನ ತಾಮ್ರಪಟದ ಕಥೆ ಹೇಳಿದೆ. ಬಾದಾಮಿ ಚಾಲುಕ್ಯರ ಕೊನೆಯ ದೊರೆ ಎರಡನೇ ಕೀರ್ತಿವರ್ಮನದು, ಶಕ 679, ಅಂದರೆ ಕ್ರಿ.ಶ. 757. ಕೀಲ್‌ಹಾರ್ನ್ ಸಂಪಾದಿಸಿ ಎಪಿಗ್ರಾಫಿಯಾ ಇಂಡಿಕಾದಲ್ಲಿ ‘ವಕ್ಕಲೇರಿ ಪ್ಲೇಟ್ಸ್’ ಎಂದೇ ಅಚ್ಚಾಗಿದೆ. ಅದರಲ್ಲಿ ಮೊದಲು ವರಾಹ ಸ್ತುತಿ, ಆಮೇಲೆ ವಂಶಾವಳಿ: ಪುಲಕೇಶಿ ಹರ್ಷನನ್ನು ಗೆದ್ದದ್ದು, ಎರಡನೇ ವಿಕ್ರಮಾದಿತ್ಯ ಕಂಚಿಗೆ ನುಗ್ಗಿಯೂ ಊರು ಕೆಡವದೆ ದೇವಾಲಯದ ಚಿನ್ನ ದೇವಾಲಯಕ್ಕೇ ಬಿಟ್ಟದ್ದು. ಈ ಭಾಗ ಏಳು ವರ್ಷ ಹಿಂದಿನ ಕೆಂದೂರು ಪಟದಲ್ಲೂ ಹೆಚ್ಚೂಕಡಿಮೆ ಹೀಗೇ ಇದೆ. ಯಾವ ವರ್ಷ, ಬೀಡು ಎಲ್ಲಿ ಬಿಟ್ಟಿತ್ತು, ಯಾವ ಊರು ಯಾರಿಗೆ ಕೊಟ್ಟದ್ದು, ಇಷ್ಟು ಮಾತ್ರ ಹೊಸದು.

“ಟರ್ನಿಟಿನ್‌ಗೆ ಹಾಕಿದ್ರೆ ಎಷ್ಟು ಬರ್ತದೆ ಮ್ಯಾಮ್?” ಎಂದ ಕೆಜಿಎಫ್ ಹುಡುಗ. ಹೋಲಿಕೆ ಹುಡುಕುವ ಆ ಸಾಫ್ಟ್‌ವೇರಿನಲ್ಲಿ ಅರುವತ್ತರ ಮೇಲೆ ಬಂದೀತು, ಆದರೆ ಅದು ಕಳವಲ್ಲ ಎಂದೆ. ಅದು ಅರಮನೆಯ ಮುದ್ರೆ, ಯಾವುದು ಮುದ್ರೆ ಯಾವುದು ದಾನ ಎಂದು ಓದುವವನಿಗೆ ಗೊತ್ತು. ನಿಮ್ಮ ವರದಿಯಲ್ಲಿ ಮುದ್ರೆಯೇ ನಾಲ್ಕು ಪುಟ. ದಾನ ಎಲ್ಲಿದೆ?

ಈ ಮಾತು ಕ್ಲಾಸಿನಲ್ಲಿ ಚೆನ್ನಾಗಿ ಕೇಳಿಸಿತು. ಉಪಯೋಗಕ್ಕೆ ಬಂತೋ ಇಲ್ಲವೋ ಮುಂದಿನ ಡ್ರಾಫ್ಟ್ ಹೇಳಬೇಕು.

ಆಗಸ್ಟ್ 17, ಶನಿವಾರ

ಕೋಲ್ಕತ್ತದ ವೈದ್ಯೆಯ ಕೊಲೆ ಖಂಡಿಸಿ ವೈದ್ಯರ ಸಂಘ ಐಎಂಎ ಕರೆಯಂತೆ ದೇಶದ ತುಂಬ ಒಪಿಡಿ ಬಂದ್. ಕ್ಲಾಸಿಗೆ ಅರ್ಧ ಜನ. ಪಾಠ ಮಾಡಲಿಲ್ಲ. ರಾತ್ರಿ ಪಾಳಿ ಮುಗಿಸಿ ಹಾಸ್ಟೆಲ್‌ಗೆ ನಡೆಯುವ ದಾರಿಯಲ್ಲಿ ಯಾವ ದೀಪ ಕೆಟ್ಟಿದೆ ಎಂದು ಹುಡುಗಿಯರು ತಾವಾಗಿಯೇ ಒಂದು ಹಾಳೆಯಲ್ಲಿ ಬರೆದರು. ಜಾಗ, ಗಂಟೆ, ಎಷ್ಟು ದಿನದಿಂದ. ಒಂದು ಬೇಡದ ಪದವಿಲ್ಲ. ‘ಇಂದಿನ ಆಧುನಿಕ ಜಗತ್ತಿನಲ್ಲಿ’ ಎಂದು ಯಾರೂ ಶುರು ಮಾಡಲಿಲ್ಲ. ತಿದ್ದದೆ ಹಾಗೇ ಪ್ರಿನ್ಸಿಪಾಲರ ಟೇಬಲ್ಲಿಗೆ ಕಳಿಸಿದೆ.

ಆಗಸ್ಟ್ 27, ಮಂಗಳವಾರ

ಡಿಸ್ಕಷನ್ ಭಾಗ. ಎಲ್ಲರ ಅಧ್ಯಯನವೂ ಏನನ್ನೋ ‘ಪ್ರೂವ್’ ಮಾಡಿದೆ. ಒಂದು ಬೀದಿ ಒಂದು ಸಲ ನೋಡಿ ಏನೂ ಸಾಬೀತಾಗುವುದಿಲ್ಲ, ತೀರ್ಪನ್ನು ಸ್ವಲ್ಪ ತಗ್ಗಿಸಿ ಎಂದು ಹೋದ ವಾರ ಹೇಳಿದ್ದೆ. ಪರಿಣಾಮ: ಈ ವಾರ ಎಲ್ಲ ಕಡೆ ‘ಮೇ’. ಡೆಂಗಿ ವೈರಸ್‌ನಿಂದ ಬರಬಹುದು. ಸೊಳ್ಳೆ ಕಚ್ಚಬಹುದು. ಸಮೀಕ್ಷೆ ಜುಲೈನಲ್ಲಿ ನಡೆದಿರಬಹುದು! ನಕ್ಕು ನಕ್ಕು ಸಾಕಾಯಿತು.

ಒಂದೊಂದು ವಾಕ್ಯ ಎತ್ತಿಕೊಂಡು ಕೋರ್ಟಿನ ಹಾಗೆ ವಿಚಾರಣೆ ನಡೆಸಿದೆವು. ಕಣ್ಣಾರೆ ಕಂಡದ್ದಾ, ಅಜ್ಜಿ ಹೇಳಿದ್ದಾ, ಪುಸ್ತಕದ್ದಾ, ನಿನ್ನ ಊಹೆಯಾ? ಕಂಡದ್ದಕ್ಕೆ ‘ಮೇ’ ಬೇಡ. ಅಜ್ಜಿ ಹೇಳಿದ್ದಕ್ಕೆ ಅಜ್ಜಿ ಹೇಳಿದರು ಎಂದೇ ಬರೆಯಬೇಕು. ಪುಸ್ತಕದ್ದಕ್ಕೆ ವ್ಯಾಂಕೂವರ್ ನಂಬರು. ಮೆಡಿಕಲ್ ಪತ್ರಿಕೆಗಳ ಸಂಪಾದಕರು 1978ರಲ್ಲಿ ಆ ಊರಿನಲ್ಲಿ ಸೇರಿ ಮಾಡಿಕೊಂಡ ಪದ್ಧತಿ ಎಂದರೆ ಯಾರಿಗೂ ಆಸಕ್ತಿ ಇಲ್ಲ, ಹೋಗಲಿ. ‘ಲ್ಯಾಕ್ ಆಫ್ ಅವೇರ್‌ನೆಸ್’ ವಿಚಾರಣೆಗೆ ಬಂದಾಗ ಅದು ನಾಲ್ಕರಲ್ಲಿ ಯಾವುದೂ ಅಲ್ಲ ಎಂದಾಯಿತು. ಊಹೆ ಕೂಡ ಅಲ್ಲ. ಯಾರೂ ಹಾಗೆ ಊಹಿಸಿರಲಿಲ್ಲ.

ಸೆಪ್ಟೆಂಬರ್ 4, ಬುಧವಾರ

ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಸರ್ಕಾರ ಅಧಿಸೂಚನೆ ಹೊರಡಿಸಿದೆ. ಸೊಳ್ಳೆ ಹುಟ್ಟಲು ಬಿಟ್ಟ ಮನೆಗೆ ದಂಡ, ನಗರದಲ್ಲಿ 400, ಹಳ್ಳಿಯಲ್ಲಿ 200 ರೂಪಾಯಿ. ಎದುರು ಮನೆ ಅಜ್ಜಿಗೆ ಇನ್ನೂ ಗೊತ್ತಿಲ್ಲ. ಹೇಳುವ ಧೈರ್ಯ ನನಗೂ ಇಲ್ಲ.

ಮುಳಬಾಗಿಲಿನವಳು ಹೊಸ ಡ್ರಾಫ್ಟ್ ಕೊಟ್ಟಳು. ಮತ್ತೆ ಆ ಮನೆಗಳಿಗೆ ಹೋಗಿ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ ಎಂದು ಕೇಳಿಕೊಂಡು ಬಂದು, ತೊಟ್ಟಿಯ ಪಕ್ಕದಲ್ಲೇ ಆ ದಿನಗಳ ಕಾಲಮ್ ಹಾಕಿದ್ದಾಳೆ. ಇಂಗ್ಲಿಷ್ ಇನ್ನೂ ಕುಂಟುತ್ತದೆ, ‘ದಿ’ ಎಲ್ಲಿ ಬೇಕೋ ಅಲ್ಲಿಲ್ಲ. ಆದರೂ ಓದಿದರೆ ಊರು ಕಾಣುತ್ತದೆ. ಕಮ್ಯೂನಿಟಿ ಹೆಲ್ತ್ ಗೈಡ್ ಮೇಡಂ ಆ ಕಾಲಮ್ಮಿಗೆ ಕೆಂಪು ಗೆರೆ ಎಳೆದರು. “ನೀರು ಸರಬರಾಜು ನಮ್ಮ ಅಬ್ಜೆಕ್ಟಿವ್‌ನಲ್ಲಿ ಇಲ್ಲ” ಎನ್ನುವುದು ಅವರ ವಾದ. ಶಿಸ್ತಿನ ವಾದ, ತಳ್ಳಿಹಾಕುವಂಥದ್ದಲ್ಲ. ಹಾಗಾದರೆ ಅರಿವು ಕೂಡ ಅಬ್ಜೆಕ್ಟಿವ್‌ನಲ್ಲಿ ಇರಲಿಲ್ಲ, ಅದನ್ನು ಮೂವತ್ತು ವರದಿಯಲ್ಲಿ ಬಿಟ್ಟಿದ್ದೀರಲ್ಲ ಎಂದೆ. ಸ್ಟಾಫ್‌ರೂಮಿನಲ್ಲಿ ಕಾಫಿ ಆರುವವರೆಗೂ ವಾದ ನಡೆಯಿತು. ಕಡೆಗೆ ಕಾಲಮ್ ರಿಸಲ್ಟ್ಸ್‌ನಲ್ಲಿ ಉಳಿಯಬೇಕು, ಕಾರಣ ಎಂಬ ಪದ ಬರಬಾರದು ಎಂದು ರಾಜಿಯಾಯಿತು. ನನಗೆ ಅಷ್ಟೇ ಬೇಕಾಗಿದ್ದದ್ದು.

ಸೆಪ್ಟೆಂಬರ್ 12, ಗುರುವಾರ

ವರದಿ ಕೇಳಿ ಒಂದು ಹೆಲ್ತ್ ಸೆಂಟರಿನ ಡಾಕ್ಟರು, ಪಂಚಾಯಿತಿಯವರಿಗೆ ಓದಲು ಕನ್ನಡದಲ್ಲಿ ಒಂದು ಪುಟ ಮಾಡಿಕೊಡಿ ಎಂದರಂತೆ. ಕನ್ನಡ ತಾನೇ, ಸುಲಭ ಎಂದು ಮಕ್ಕಳು ಗಂಟೆಯೊಳಗೆ ಬರೆದು ತಂದರು. ‘ಸಾರ್ವಜನಿಕರಲ್ಲಿ ಅರಿವಿನ ಕೊರತೆಯಿಂದಾಗಿ...’ ಆಸ್ಪತ್ರೆ ಗೋಡೆಯ ಪೋಸ್ಟರಿನಿಂದ ನೇರವಾಗಿ ಇಳಿದು ಬಂದಿತ್ತು. ಇಂಗ್ಲಿಷನ್ನು ಇಷ್ಟು ದಿನ ಬೈದದ್ದು ದಂಡ. ಅದನ್ನು ಹೊಡೆದುಹಾಕಿದ್ದು ನಾನಲ್ಲ, ಕೆಜಿಎಫ್ ಹುಡುಗ. ಕನ್ನಡ ಅವನಿಗೆ ಮೂರನೇ ಭಾಷೆ.

ಪುಟ ಓದಿದ ಡಾಕ್ಟರು ಕೇಳಿದ್ದು ಒಂದೇ: ಹುಳ ಇದ್ದ ತೊಟ್ಟಿ, ಡ್ರಮ್ಮುಗಳಲ್ಲಿ ಎಷ್ಟಕ್ಕೆ ಮುಚ್ಚಳ ಇತ್ತು? ನೀರು ಚೆಲ್ಲಿ ಎನ್ನಲು ಆಗದಿದ್ದರೆ ಮುಚ್ಚಿ, ಬಟ್ಟೆ ಕಟ್ಟಿ ಎನ್ನಬಹುದಲ್ಲ. ನಮ್ಮ ಫಾರ್ಮಿನಲ್ಲಿ ಮುಚ್ಚಳದ ಕಾಲಮ್ಮೇ ಇಲ್ಲ. ಶನಿವಾರ ಎಲ್ಲರೂ ಮತ್ತೆ ಹೋಗುತ್ತಾರೆ, ಟಾರ್ಚ್ ತೆಗೆದುಕೊಂಡು. ಗೈಡ್ ಮೇಡಂ ತಾವೂ ಬರುತ್ತೇನೆ ಎಂದಿದ್ದಾರೆ. ಹೊಸ ಫಾರ್ಮ್ ನಾಳೆ ಜೆರಾಕ್ಸ್ ಆಗಬೇಕು.