ಕೇಳುವ ವಿದ್ಯೆ

ಒಂದು ಕಾಲಕ್ಕೆ ಬೇರೆಯೇ ಹಳ್ಳಿಯಾಗಿದ್ದು, ಈಗ ದಾವಣಗೆರೆ ನಗರದೊಳಗೆ ಸೇರಿಹೋಗಿರುವ ಆವರಗೆರೆಯಲ್ಲಿ ನಮ್ಮ ವಾಸ. ಉದ್ಯೋಗದಿಂದ ನಿವೃತ್ತರಾದ ಹೊಸದರಲ್ಲಿ, ಒಂದು ಸಂಜೆ ನಮ್ಮ ಮನೆಯ ಕಟ್ಟೆಯ ಮೇಲೆ ಬಂದು ಕುಳಿತ ನೆರೆಯ ಹಿರಿಯರೊಬ್ಬರು, "ಮೇಷ್ಟ್ರೇ, ಇಷ್ಟು ವರ್ಷ ಕಾಲೇಜ್ನಾಗೆ ಏನ್ ಪಾಠ ಹೇಳ್ತಿದ್ರಿ?" ಎಂದು ಕೇಳಿದರು. ಗಣಿತವೆಂದೋ ಇತಿಹಾಸವೆಂದೋ ಹೇಳಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಮಕ್ಕಳ ಮಾತನ್ನು ಹೇಗೆ ಕೇಳಬೇಕೆಂಬುದನ್ನು ಮುಂದೆ ಮೇಷ್ಟ್ರಾಗತಕ್ಕವರಿಗೆ ಕಲಿಸುತ್ತಿದ್ದೆವೆಂದು ವಿವರಿಸಿದೆವು. ಅವರು ಕ್ಷಣಕಾಲ ಯೋಚಿಸಿ, "ಕಿವಿ ಇದ್ರೆ ಸಾಕಲ್ರೀ, ಅದಕ್ಕೂ ಸಂಬಳ ಕೊಡ್ತಾರಾ?" ಎಂದರು. ನಕ್ಕುಬಿಟ್ಟೆವು. ಆದರೆ ಆ ಪ್ರಶ್ನೆಯು ರಾತ್ರಿ ಮಲಗಿದ ಮೇಲೂ ನಮ್ಮನ್ನು ಬಿಡಲಿಲ್ಲ.

ಈ ವಿದ್ಯೆಯ ಪೂರ್ವೋತ್ತರವನ್ನು ವಾಚಕರಿಗೆ ಸಂಕ್ಷೇಪವಾಗಿ ತಿಳಿಸುವುದು ಯುಕ್ತ. 1908ರಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ಫ್ರಾಂಕ್ ಪಾರ್ಸನ್ಸ್ ಎಂಬವರು, ತರುಣರು ತಮಗೆ ತಕ್ಕ ಉದ್ಯೋಗವನ್ನು ಆರಿಸಿಕೊಳ್ಳುವುದಕ್ಕೆ ನೆರವಾಗುವ ಕಾರ್ಯಾಲಯವೊಂದನ್ನು ತೆರೆದರು. ಅಲ್ಲಿಂದ ಮೊದಲಾದ ಕಾರ್ಯವು ಕ್ರಮೇಣ ಶಾಲೆಗಳನ್ನು ಹೊಕ್ಕು, ಉದ್ಯೋಗದ ಮಾತನ್ನು ದಾಟಿ, ಮಗುವಿನ ಮನಸ್ಸಿನ ಸಂಕಟಗಳವರೆಗೂ ಬಂದಿತು. ನಮ್ಮ ದೇಶದಲ್ಲಿ 1952-53ರ ಮೊದಲಿಯಾರ್ ಆಯೋಗವು ಪ್ರೌಢಶಾಲೆಗಳಲ್ಲಿ ಮಾರ್ಗದರ್ಶನವಿರಬೇಕೆಂದು ಒತ್ತಿ ಹೇಳಿತು. 1954ರಲ್ಲಿ ದೆಹಲಿಯಲ್ಲಿ ಅದಕ್ಕಾಗಿಯೇ ಒಂದು ಕೇಂದ್ರ ಸಂಸ್ಥೆಯು ಸ್ಥಾಪಿತವಾಯಿತು. ಕರ್ನಾಟಕದವರಿಗೆ ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಲ್ಲಿ ಮಾರ್ಗದರ್ಶನ ಮತ್ತು ಆಪ್ತಸಮಾಲೋಚನೆಯ ಒಂದು ವರ್ಷದ ಡಿಪ್ಲೊಮಾ ಇದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರೂ ಉಪಾಧ್ಯಾಯರಿಗೆ ಈ ವಿಷಯದಲ್ಲಿ ತರಬೇತಿಯನ್ನು ಕೊಟ್ಟಿರುವರು. ಅಮೆರಿಕದಲ್ಲಿ ಶಾಲಾ ಸಮಾಲೋಚಕರನ್ನು ತಯಾರುಮಾಡುವ ಅಧ್ಯಾಪಕವೃತ್ತಿಯೇ ಪ್ರತ್ಯೇಕವಾದದ್ದು; ಆ ವಿಷಯದಲ್ಲೇ ಡಾಕ್ಟರೇಟು ಪಡೆದವರು ಸಾಮಾನ್ಯವಾಗಿ ಅದಕ್ಕೆ ನೇಮಕವಾಗುವರು. ನಮ್ಮಲ್ಲಿ ಹಾಗಲ್ಲ. ಮನಶ್ಶಾಸ್ತ್ರದಲ್ಲಿ ಎಂ.ಎ., ಅದರ ಮೇಲೆ ಎಂ.ಎಡ್. ಮಾಡಿಕೊಂಡು ಶಿಕ್ಷಕರ ತರಬೇತಿ ಕಾಲೇಜನ್ನು ಸೇರಿದ ನಮ್ಮಂಥವರಿಗೆ, ಬೇರೆ ನಾಲ್ಕು ಪಾಠಗಳ ನಡುವೆ ಇದೂ ಒಂದು ಪಾಲಿಗೆ ಬರುತ್ತದೆ. 'ಸೈಕಾಲಜಿ ಓದಿದ್ದೀರಲ್ಲ, ಇದನ್ನೂ ನೀವೇ ನೋಡಿಕೊಳ್ಳಿ' ಎಂಬುದೇ ನಮಗೆ ದೊರೆತ ನೇಮಕ.

ಕನ್ನಡದಲ್ಲಿ ಓದಲು ಏನಾದರೂ ಕೊಡಿರೆಂದು ಕೇಳುವ ಪ್ರಶಿಕ್ಷಣಾರ್ಥಿಗಳಿಗೆ ಡಾ. ಎಂ. ಶಿವರಾಂ ಅವರ 'ಮನಮಂಥನ'ವನ್ನು ನಮ್ಮ ಸ್ವಂತ ಪ್ರತಿಯಿಂದಲೇ ಎರವಲು ಕೊಡುತ್ತಿದ್ದೆವು. 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆದ ಆ ಗ್ರಂಥದ ನಮ್ಮ ಪ್ರತಿಯು ಯಾರ ಮನೆಯಲ್ಲಿ ಉಳಿದಿದೆಯೋ ಈಗ ತಿಳಿಯದು.

'ಆಪ್ತಸಮಾಲೋಚನೆ' ಎಂಬ ಮಾತನ್ನು ಕನ್ನಡಕ್ಕೆ ತಂದವರು ಯಾರೇ ಆಗಲಿ, ಅವರ ವಿವೇಕವನ್ನು ಮೆಚ್ಚಬೇಕು. ನಮ್ಮ ತರ್ಕಶಾಸ್ತ್ರದಲ್ಲಿ ಆಪ್ತನೆಂದರೆ ನಂಬತಕ್ಕವನು. ಅವನ ವಾಕ್ಯವು ಪ್ರಮಾಣವೆನಿಸುತ್ತದೆ. ಮೊದಲು ಆಪ್ತನಾಗಬೇಕು, ಸಮಾಲೋಚನೆ ಆಮೇಲಿನದು. ಈ ವ್ಯಾಖ್ಯಾನವನ್ನು ನಾವು ವರ್ಷಕ್ಕೊಂದು ಸಲ ತರಗತಿಯಲ್ಲಿ ಬಹು ಗಂಭೀರವಾಗಿ ಮಾಡುತ್ತಿದ್ದೆವು. ಪ್ರಶಿಕ್ಷಣಾರ್ಥಿಗಳು ಅದನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಹೀಗೆ ಇಪ್ಪತ್ತಕ್ಕಿಂತ ಹೆಚ್ಚು ವರ್ಷಗಳು ಸಂದುವು.

ಬಿ.ಎಡ್. ಶಿಕ್ಷಣವು ಎರಡು ವರ್ಷದ್ದಾದ ಮೇಲೆ, ಅಂದರೆ 2015ರ ತರುವಾಯ, ಪ್ರಶಿಕ್ಷಣಾರ್ಥಿಗಳು ಶಾಲೆಗಳಲ್ಲಿ ಕಳೆಯತಕ್ಕ ದಿನಗಳು ಹೆಚ್ಚಿದುವು. ಆಗ ಅವರು ಒಬ್ಬ ವಿದ್ಯಾರ್ಥಿಯನ್ನು ಆರಿಸಿಕೊಂಡು 'ವ್ಯಕ್ತಿ ಅಧ್ಯಯನ'ವೆಂಬ ರೆಕಾರ್ಡನ್ನು ಬರೆದು ಒಪ್ಪಿಸಬೇಕು. ಒಂದು ವರ್ಷ ಹರಿಹರದ ಕಡೆಯ ಹುಡುಗಿಯೊಬ್ಬಳು, ನಗರದ ಶಾಲೆಯೊಂದರ ಎಂಟನೆಯ ತರಗತಿಯ ಬಾಲಕನ ಮೇಲೆ ಬರೆದ ರೆಕಾರ್ಡು ನಮ್ಮ ಮೇಜಿಗೆ ಬಂದಿತು. ಮುತ್ತು ಪೋಣಿಸಿದಂಥ ಅಕ್ಷರ. ಕೆಂಪು ಶಾಯಿಯ ಅಡಿಗೆರೆಗಳು. 'ಸಮಸ್ಯೆ: ತರಗತಿಯಲ್ಲಿ ನಿದ್ರಿಸುವುದು. ವೈಯಕ್ತಿಕ ಶುಚಿತ್ವ: ಸಾಲದು; ಅಂಗಿಯ ಮೇಲೆ ಮಸಿ. ಸಲಹೆ: ರಾತ್ರಿ ಬೇಗನೆ ಮಲಗುವಂತೆ ತಿಳಿಹೇಳಲಾಯಿತು.' ನಾವು ಅದನ್ನು ಎರಡು ಸಲ ಓದಿದೆವು. ಇಪ್ಪತ್ತೈದಕ್ಕೆ ಇಪ್ಪತ್ತಮೂರು ಅಂಕಗಳನ್ನು ಕೊಟ್ಟೆವು. ಇತರರಿಗೆ ಮಾದರಿಯೆಂದು ತರಗತಿಯಲ್ಲಿ ಎತ್ತಿ ತೋರಿಸಿದೆವು.

ಫಲಿತಾಂಶವು ಬಂದ ಕೆಲವು ವಾರಗಳ ಮೇಲೆ ಆ ಹುಡುಗಿ ನಮ್ಮ ಕೋಣೆಗೆ ಬಂದಳು. ಕುಳಿತುಕೊಳ್ಳೆಂದರೂ ಕುಳಿತುಕೊಳ್ಳಲಿಲ್ಲ. "ಸಾರ್, ಆ ಹುಡುಗ ಶಾಲೆ ಬಿಟ್ಬಿಟ್ಟ" ಎಂದಳು. ಅವನ ಸಹಪಾಠಿಯಿಂದ ಅವಳಿಗೆ ಸಂಗತಿ ತಿಳಿದಿತ್ತು. ತಂದೆಯು ಕಾಯಿಲೆಯಾಗಿ ಮಲಗಿದ್ದುದರಿಂದ, ಅವನಿಗೆ ಬದಲಾಗಿ ಈ ಹದಿಮೂರು ವರ್ಷದ ಬಾಲಕನು ಬೆಳಗಿನ ಜಾವ ಮೂರು ಗಂಟೆಗೆದ್ದು ಮಂಡಕ್ಕಿ ಭಟ್ಟಿಗೆ ಹೋಗುತ್ತಿದ್ದನಂತೆ. ಕಾದ ಮರಳಿನಲ್ಲಿ ಅಕ್ಕಿಯನ್ನು ಹುರಿದು ಅರಳಿಸುವ ಕೆಲಸ. ಒಲೆಯ ಮುಂದಿನ ಹೊಗೆ. ಅಂಗಿಯ ಮಸಿಯು ಅಲ್ಲಿಯದು, ನಿದ್ರೆಯೂ ಅಲ್ಲಿಯದೇ. "ನಾನು ಅವನನ್ನ ಒಂದೇ ಒಂದು ಮಾತು ಕೇಳಿರಲಿಲ್ಲ ಸಾರ್. ನಮೂನೆ ತುಂಬಿಸಿದೆ, ಬುದ್ಧಿ ಹೇಳಿದೆ. ನೀವೂ ಕೇಳಲಿಲ್ಲ" ಎಂದಳು. ಕೊನೆಯ ಮಾತನ್ನು ಅವಳು ದೂರಿನಂತೆ ಹೇಳಲಿಲ್ಲ. ಆದುದನ್ನು ಆದಂತೆ ಹೇಳಿದಳು, ಅಷ್ಟೆ.

ಹದಿನಾಲ್ಕು ತುಂಬದ ಮಕ್ಕಳನ್ನು ಇಂಥ ದುಡಿಮೆಗೆ ಹಚ್ಚುವುದು ಕಾಯಿದೆಗೆ ವಿರುದ್ಧವೆಂಬುದನ್ನು ನಾವು ಬಲ್ಲೆವು. 1098ಕ್ಕೆ ಒಂದು ದೂರವಾಣಿ ಕರೆಯನ್ನು ಮಾಡಿದ್ದರೆ ಸಕಾಲದಲ್ಲಿ ಏನಾದರೂ ಆಗುತ್ತಿತ್ತೋ ಏನೋ. ಮರುದಿನ ಅವಳೊಡನೆ ಆ ಓಣಿಗೆ ಹೋದೆವು. ಬಾಡಿಗೆಯ ಮನೆಗೆ ಬೀಗವಿತ್ತು. ಕುಟುಂಬವು ಎತ್ತ ಹೋಯಿತೆಂಬುದನ್ನು ಹೇಳುವವರು ಸಿಕ್ಕಲಿಲ್ಲ. ನಮ್ಮೂರಿನಲ್ಲಿ ಸಂಜೆಯ ಮಂಡಕ್ಕಿ ಮೆಣಸಿನಕಾಯಿಯಿಲ್ಲದ ಮನೆಯುಂಟೆ? ನಮ್ಮ ಮನೆಯಲ್ಲಿಯೂ ಅಂದು ಅದೇ ಇತ್ತು. ಮುಟ್ಟಲಾಗಲಿಲ್ಲ.

ಆ ಮೇಲೆ ನಮಗೆ ಉಳಿದಿದ್ದ ಕೆಲವೇ ವರ್ಷಗಳ ಸೇವೆಯಲ್ಲಿ ಪಾಠದ ರೀತಿಯನ್ನು ಬದಲಾಯಿಸಿದೆವು. ಇಬ್ಬಿಬ್ಬರನ್ನು ಎದುರುಬದುರಾಗಿ ಕೂರಿಸುವುದು. ಒಬ್ಬನು ತನ್ನ ನಿಜವಾದ ಒಂದು ಚಿಕ್ಕ ಕಷ್ಟವನ್ನು ಹೇಳುವುದು. ಮತ್ತೊಬ್ಬನು ಹತ್ತು ನಿಮಿಷ ಯಾವ ಸಲಹೆಯನ್ನೂ ಕೊಡಕೂಡದು. ವಾಚಕರು ಇದನ್ನು ತಮ್ಮ ಮನೆಯಲ್ಲಿಯೇ ಪರೀಕ್ಷಿಸಿ ನೋಡಬಹುದು. ಹತ್ತು ನಿಮಿಷವೆಂಬುದು ಎಷ್ಟು ದೀರ್ಘವೆಂದು ಆಗ ತಿಳಿಯುವುದು. ನಮ್ಮ ತರಗತಿಯಲ್ಲಿ ಮೂರನೆಯ ನಿಮಿಷವನ್ನು ದಾಟಿದವರು ವಿರಳ. ನಾವೂ ಒಮ್ಮೆ ಕುಳಿತು, ಎರಡನೆಯ ನಿಮಿಷಕ್ಕೇ 'ಹಾಗಲ್ಲಪ್ಪಾ' ಎಂದು ಆರಂಭಿಸಿ ನಗೆಗೀಡಾದೆವು. ಇದಕ್ಕೆ ಅಂಕಗಳನ್ನು ಹೇಗೆ ಕೊಡುವಿರೆಂದು ಸಹೋದ್ಯೋಗಿಗಳು ಕೇಳುತ್ತಿದ್ದರು. ಅಂಕಗಳಿಗೆ ರೆಕಾರ್ಡೇ ಬೇಕು. ಆ ಕಾಟವು ಕಡೆಯವರೆಗೂ ತಪ್ಪಲಿಲ್ಲ.

ಇನ್ನೊಂದು ವಿಷಯವನ್ನು ಮಾತ್ರ ಕಟ್ಟುನಿಟ್ಟಾಗಿ ಕಲಿಸಿದೆವು. ಮಗುವು ಹೇಳಿದ್ದನ್ನು ಉಪಾಧ್ಯಾಯರ ಕೋಣೆಯ ಚಹದ ಜೊತೆಗೆ ಹಂಚಕೂಡದು. ಆದರೆ 'ಯಾರಿಗೂ ಹೇಳುವುದಿಲ್ಲ' ಎಂದು ಮಾತನ್ನೂ ಕೊಡಕೂಡದು. ಏಕೆಂದರೆ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿರುವುದು ತಿಳಿದುಬಂದರೆ, 2012ರ ಪೋಕ್ಸೊ ಕಾಯಿದೆಯ ಮೇರೆಗೆ ಅದನ್ನು ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಕೊಟ್ಟ ಮಾತನ್ನು ಮುರಿದವನಲ್ಲಿ ಮಗುವು ಇನ್ನೊಮ್ಮೆ ಬಾಯಿ ಬಿಡಲಾರದು. ಈ ಎರಡರ ನಡುವೆ ನಡೆಯುವುದು ಕತ್ತಿಯ ಅಲಗಿನ ಮೇಲಿನ ನಡೆಯೇ ಸರಿ.

2025ರ ಜುಲೈ ತಿಂಗಳಿನಲ್ಲಿ ಸರ್ವೋಚ್ಚ ನ್ಯಾಯಾಲಯವು, ನೂರು ಅಥವಾ ಅದಕ್ಕೂ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳು ಒಬ್ಬರಾದರೂ ತರಬೇತಿ ಪಡೆದ ಆಪ್ತಸಮಾಲೋಚಕರನ್ನು ಹೊಂದಿರಬೇಕೆಂದು ನಿರ್ದೇಶಿಸಿದೆ. ಪತ್ರಿಕೆಯಲ್ಲಿ ಓದಿ ಹಿಗ್ಗಿದೆವು. ಅಷ್ಟು ಜನರನ್ನು ತಯಾರುಮಾಡುವ ಅಧ್ಯಾಪಕರು ಎಲ್ಲಿಂದ ಬರುವರೆಂದು ಒಡನೆಯೇ ಚಿಂತೆಯೂ ಆಯಿತು. ನಮೂನೆಗಳನ್ನು ಅಚ್ಚುಹಾಕಿಸುವುದು ಒಂದು ತಿಂಗಳ ಕೆಲಸ.

ಹರಿಹರದ ಕಡೆಯ ಆ ಹುಡುಗಿ ಈಗ ಪ್ರೌಢಶಾಲೆಯೊಂದರಲ್ಲಿ ಉಪಾಧ್ಯಾಯಿನಿ. ಕಳೆದ ತಿಂಗಳು ಒಂದು ಮಧ್ಯಾಹ್ನ ಅವಳ ಕರೆ ಬಂದಿತು, ಧ್ವನಿಯಲ್ಲಿ ಆತುರವಿತ್ತು.

"ಸಾರ್, ಒಂಬತ್ತನೇ ಕ್ಲಾಸಿನ ಹುಡುಗಿ ಒಬ್ಳು ಏನೋ ಹೇಳ್ಬೇಕು ಅಂತ ಬಂದಿದ್ದಾಳೆ. ಯಾರಿಗೂ ಹೇಳ್ಬೇಡಿ ಅಂತಾಳೆ. ಏನ್ ಮಾಡ್ಲಿ?"

"ಮಾತು ಕೊಟ್ಯೇನಮ್ಮಾ?"

"ಇಲ್ಲ ಸಾರ್."

"ಏನು ಹೇಳಿದಳು?"

"ಇನ್ನೂ ಏನೂ ಹೇಳಿಲ್ಲ. ಹೊರಗೆ ವರಾಂಡದಾಗೆ ಕೂತಿದ್ದಾಳೆ."

ನಮ್ಮ ನಾಲಗೆಯ ತುದಿಗೆ ನಾಲ್ಕು ಬುದ್ಧಿಮಾತುಗಳು ಆಗಲೇ ಬಂದು ನಿಂತಿದ್ದುವು.

"ಹಾಗಾದ್ರೆ ಫೋನ್ ಇಡಮ್ಮಾ" ಎಂದೆವು.